ಆಲಮಟ್ಟಿಗೆ ಒಳಹರಿವು ಕಡಿಮೆಯಾದರೆ ನೀರು ಇಳಿಯುತ್ತಾ?

ಬಾಗಲಕೋಟೆಯಲ್ಲಿ ಹೈಸ್ಕೂಲ್ ಗಣಿತ ಶಿಕ್ಷಕರ ಮುಂದೆ ಒಂದು ತಾಸು ಮಾತಾಡಿದ್ದೆ. ಅವತ್ತು ಬರಲಾಗದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಹೆಚ್ಚುಕಮ್ಮಿ ಮಾತಾಡಿದ ಹಾಗೇ ಬರೆದಿದ್ದೇನೆ. ನಡುವೆ ಮೈಕ್ ಕೈಕೊಟ್ಟಿದ್ದು, ಚಹಾ ಬಂದಾಗ ಅರ್ಧ ಸಭೆ ಎದ್ದು ಹೋಗಿದ್ದು, ಇವನ್ನೆಲ್ಲ ಬಿಟ್ಟಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಲ್ಲೇ ಹೇಳಬೇಕಾಗಿದೆ, ಸ್ವಲ್ಪ ಸಹಿಸಿಕೊಳ್ಳಿ.

ಎಲ್ಲರಿಗೂ ನಮಸ್ಕಾರ. ಪ್ರಶ್ನೆಯಿಂದಲೇ ಶುರು ಮಾಡ್ತೀನಿ.

ಮಳೆಗಾಲ ಬಂತೆಂದರೆ ನಮ್ಮ ಭಾಗದ ಪತ್ರಿಕೆಗಳಲ್ಲಿ ದಿನಾ ಒಂದು ಸಣ್ಣ ಚೌಕ ಬರುತ್ತದೆ. ಆಲಮಟ್ಟಿ ಜಲಾಶಯ, ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಮ್ಮ ಮನೆಗಳಲ್ಲಿ ಸಿನಿಮಾ ಪುಟಕ್ಕಿಂತ ಮೊದಲು ಓದೋದು ಇದನ್ನೇ. ಈಗ ಲೆಕ್ಕಕ್ಕೆ ಅಂತ ನಾನೇ ಎರಡು ದಿನದ ಅಂಕಿ ಹಾಕಿಕೊಳ್ತೀನಿ. ನಿನ್ನೆ ಒಳಹರಿವು 2 ಲಕ್ಷ ಕ್ಯೂಸೆಕ್ ಇತ್ತು. ಇವತ್ತು ಅದು ಒಂದೂವರೆ ಲಕ್ಷಕ್ಕೆ ಇಳಿದಿದೆ. ಹೊರಹರಿವು ಎರಡೂ ದಿನ 35 ಸಾವಿರ. ಹಾಗಾದರೆ ಇವತ್ತು ಜಲಾಶಯದ ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ?

ನಗಬೇಡಿ. ಇದೇ ಪ್ರಶ್ನೆಯನ್ನು ನಾನು ಪಿಯುಸಿ ಎರಡನೇ ವರ್ಷದ ವಿಜ್ಞಾನದ ಮಕ್ಕಳಿಗೆ ಕೇಳಿದ್ದೆ. ಬದಲಾವಣೆಯ ಜೋರು ಲೆಕ್ಕ ಹಾಕೋ ಡಿವೈ ಬೈ ಡಿಎಕ್ಸ್ ಎಲ್ಲ ಮುಗಿಸಿ, ಇಂಟಿಗ್ರೇಷನ್ ಅರ್ಧ ಮಾಡಿದ್ದ ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಜನ "ಇಳೀತೈತ್ರಿ ಸರ್" ಅಂದರು. ಕೊಲ್ಹಾರದ ಕಡೆಯ ಒಂದು ಹುಡುಗಿ ಮಾತ್ರ ಎದ್ದು ನಿಂತು, "ಬರೂದು ಕಡಿಮಿ ಆಗೇತಿ, ಖರೆ. ಆದ್ರ ಇನ್ನೂ ಬರಾಕತ್ತೇತಲ್ರಿ" ಅಂದಳು. ಪಕ್ಕದವಳು ಅವಳ ಲಂಗ ಹಿಡಿದು ಕೂರಿಸಲು ನೋಡುತ್ತಿದ್ದಳು, ತಪ್ಪು ಹೇಳ್ತಿದಾಳೆ ಅಂತ.

ನಾನು ಇವತ್ತು ಹೇಳಬೇಕಾಗಿರೋದು ಆ ಒಂದು ವಾಕ್ಯದ ಸುತ್ತಲೇ ಇದೆ. ಎಷ್ಟು ಇದೆ ಅನ್ನೋದು ಒಂದು ಪ್ರಶ್ನೆ. ಎಷ್ಟು ಜೋರಾಗಿ ಬದಲಾಗ್ತಿದೆ ಅನ್ನೋದು ಇನ್ನೊಂದು. ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್, ಈ ಎರಡರ ನಡುವೆ ಓಡಾಡೋದು. ಒಂದು ಗೊತ್ತಿದ್ದಾಗ ಇನ್ನೊಂದನ್ನು ತೆಗೆಯೋದು. ಈ ಎರಡು ಪ್ರಶ್ನೆ ಬೇರೆ ಬೇರೆ ಅಂತ ಮಗುವಿಗೆ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲೇ ತಿಳಿದುಬಿಟ್ಟರೆ ಪಿಯುಸಿಯಲ್ಲಿ ಸೂತ್ರ ಬಂದಾಗ ಅದು ಕೂರೋಕೆ ಜಾಗ ಇರುತ್ತದೆ. ಇಲ್ಲದಿದ್ದರೆ ಸೂತ್ರ ಬಂದು ನಿಂತೇ ಇರುತ್ತದೆ, ಪರೀಕ್ಷೆ ಮುಗಿದ ಮೇಲೆ ಹೋಗಿಬಿಡುತ್ತದೆ.

"ಸರ್, ನಮ್ಮ ಸಿಲಬಸ್ಸಿನಲ್ಲಿ ಇದು ಇಲ್ಲವೇ ಇಲ್ಲ" ಅಂತ ನೀವು ಹೇಳಬಹುದು. ಇಲ್ಲ, ನಿಜ. ಎಸ್ಸೆಸ್ಸೆಲ್ಸಿಯಲ್ಲಿ ಕ್ಯಾಲ್ಕುಲಸ್ ಎಂಬ ಪಾಠ ಇಲ್ಲ, ಅದು ಮೊದಲ ಪಿಯುಸಿಯಲ್ಲಿ ಲಿಮಿಟ್ಸ್ ಅಂತ ಶುರುವಾಗುತ್ತದೆ. ಬೇರೆ ಹೆಸರಲ್ಲಿ ಮಾತ್ರ ನಮ್ಮಲ್ಲೇ ಇದೆ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚಲನೆ ಪಾಠ ಇದೆಯಲ್ಲ, ಅಲ್ಲಿ ವೇಗ–ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವೇ ದೂರ ಅಂತ ಹೇಳ್ತಾರೆ. ಅದು ಅನುಕಲನ, ಅಂದರೆ ಇಂಟಿಗ್ರೇಷನ್, ಅಲ್ಲದೆ ಮತ್ತೇನು? ಆದರೆ ಅದನ್ನು ವಿಜ್ಞಾನದ ಮೇಷ್ಟ್ರು ಮಾಡ್ತಾರೆ, ಗಣಿತದ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಬಹುಪದೋಕ್ತಿ ಮಾಡ್ತಿರ್ತಾರೆ, ಇಬ್ಬರೂ ಊಟದ ಬಿಡುವಿನಲ್ಲಿ ತುಟ್ಟಿಭತ್ಯೆ ಬಗ್ಗೆ ಮಾತಾಡ್ತಾರೆ.

ಆಲಮಟ್ಟಿಗೇ ವಾಪಸ್ ಬರೋಣ. ಇದೊಂದು ಚೌಕದಲ್ಲಿ ಇಡೀ ವಿಷಯ ಕೂತಿದೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಇದು ಜೋರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇದು ಸಂಗ್ರಹ. ಮಕ್ಕಳಿಗೆ ಎರಡೂ ಪದ ಬಾಯಲ್ಲಿವೆ, ಆದರೆ ಎರಡನ್ನೂ "ನೀರಿನ ಅಳತೆ" ಅಂತ ಒಂದೇ ಚೀಲಕ್ಕೆ ಹಾಕಿಬಿಟ್ಟಿರ್ತಾರೆ. ಮೊದಲ ಕೆಲಸ ಚೀಲ ಬಿಡಿಸೋದು. ಒಂದು ದಿನಕ್ಕೆ ಎಷ್ಟು ಸೆಕೆಂಡು? 86,400. ಒಂದು ಕ್ಯೂಸೆಕ್ ನೀರು ಇಡೀ ದಿನ ಹರಿದರೆ 86,400 ಘನ ಅಡಿ. ಹಾಗಾದರೆ ದಿನಕ್ಕೆ ಒಂದು ಟಿಎಂಸಿ ತುಂಬಲು ಎಷ್ಟು ಕ್ಯೂಸೆಕ್ ಬೇಕು? ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574. ಈ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಇಡೀ ಜುಲೈ ತಿಂಗಳು ಅಳಿಸಬೇಡಿ. ಆಮೇಲೆ ಮಜಾ ನೋಡಿ. ಒಳಹರಿವು ಒಂದೂವರೆ ಲಕ್ಷ, ಹೊರಹರಿವು 35 ಸಾವಿರ, ಉಳಿಯೋದು 1,15,000. ಭಾಗಿಸಿದರೆ ದಿನಕ್ಕೆ ಸುಮಾರು 10 ಟಿಎಂಸಿ. ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 123 ಟಿಎಂಸಿ. ಈಗ 83 ಇದ್ದರೆ, ಹರಿವು ಹೀಗೇ ಇದ್ದರೆ ಎಷ್ಟು ದಿನಕ್ಕೆ ತುಂಬುತ್ತದೆ? ನಾಲ್ಕು ದಿನ. ಹೊಳೆದಂಡೆಯ ಊರಿನ ಹುಡುಗನಿಗೆ ಇದು ಸುಮ್ನೆ ಲೆಕ್ಕ ಅಲ್ಲ, ಗೇಟ್ ಯಾವಾಗ ಎತ್ತಬಹುದು ಅನ್ನೋ ಸುದ್ದಿ.

ಒಳಹರಿವಿನಿಂದ ಸಂಗ್ರಹಕ್ಕೆ ಹೋದೆವು, ಅದು ಅನುಕಲನ. ಈಗ ಉಲ್ಟಾ ಹೋಗಿ. ನಿನ್ನೆ ಇಷ್ಟು ಟಿಎಂಸಿ ಇತ್ತು, ಇವತ್ತು ಇಷ್ಟಿದೆ, ಹೊರಗೆ ಬಿಟ್ಟಿದ್ದು ಇಷ್ಟು. ಹಾಗಾದರೆ ಬಂದದ್ದೆಷ್ಟು? ಅದು ಅವಕಲನ, ಅಂದರೆ ಡಿಫರೆನ್ಶಿಯೇಷನ್. ಮತ್ತೆ ಇದು ಬರೀ ಶಾಲೆಯ ಆಟ ಅಂದುಕೊಳ್ಳಬೇಡಿ. ಇಷ್ಟು ದೊಡ್ಡ ಜಲಾಶಯಕ್ಕೆ ನದಿ, ಹಳ್ಳ, ಮಳೆ ಎಲ್ಲ ಕಡೆಯಿಂದ ಬರೋ ನೀರನ್ನು ಒಂದೊಂದೇ ನಿಂತು ಅಳೆಯೋಕೆ ಆಗಲ್ಲ. ಅಣೆಕಟ್ಟುಗಳಲ್ಲಿ ಸಾಮಾನ್ಯವಾಗಿ ಮಾಡೋದೇ ಹೀಗೆ: ಮಟ್ಟ ಎಷ್ಟು ಬದಲಾಯಿತು ನೋಡಿ, ಬಿಟ್ಟ ನೀರನ್ನು ಕೂಡಿಸಿ, ಒಳಹರಿವನ್ನು ಲೆಕ್ಕ ಹಾಕಿ ತೆಗೆಯೋದು.

ಹಾಗೇ ಇನ್ನೊಂದು ಪ್ರಶ್ನೆ ಎಸೆಯಿರಿ. ಜಲಾಶಯ ಅತಿ ಹೆಚ್ಚು ತುಂಬಿರೋದು ಯಾವಾಗ, ಒಳಹರಿವು ಅತಿ ಹೆಚ್ಚಿದ್ದಾಗಲೇ? ಅಲ್ಲ. ಒಳಹರಿವು ಇಳಿಯುತ್ತಾ ಬಂದು ಹೊರಹರಿವಿಗೆ ಸಮ ಆದಾಗ. ಅಲ್ಲಿವರೆಗೆ ಏರುತ್ತಲೇ ಇರುತ್ತದೆ. ಪಿಯುಸಿಯಲ್ಲಿ "ಗರಿಷ್ಠ ಬೆಲೆಯಲ್ಲಿ ಡಿವೈ ಬೈ ಡಿಎಕ್ಸ್ ಸೊನ್ನೆ" ಅಂತ ಬಾಯಿಪಾಠ ಮಾಡಿಸೋದು ಇದನ್ನೇ.

ಬಾಗಲಕೋಟೆಯವರಿಗೆ ಇದರಲ್ಲಿ ಇನ್ನೂ ಒಂದು ಪಾಠ ಇದೆ, ಹೇಳೋದೋ ಬೇಡವೋ ಅಂತ ಯೋಚಿಸಿದೆ, ಹೇಳ್ತೀನಿ. 519.60, 524.256. ಮೊದಲನೆಯದು ಜಲಾಶಯದ ಈಗಿನ ಗರಿಷ್ಠ ಮಟ್ಟ, ಎರಡನೆಯದು ಅದನ್ನು ಏರಿಸಬೇಕೆಂದಿರೋ ಮಟ್ಟ, ಎರಡೂ ಮೀಟರಿನಲ್ಲಿ. ಈ ಎರಡು ಸಂಖ್ಯೆ ನಮ್ಮೂರಲ್ಲಿ ಗೊತ್ತಿಲ್ಲದವರು ಕಡಿಮೆ. 2010ರಲ್ಲಿ ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ ಎರಡನೆಯದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಮಕ್ಕಳನ್ನು ಕೇಳಿ: ಮಟ್ಟ ಒಂದು ಸೆಂಟಿಮೀಟರ್ ಏರಿದರೆ ಎಷ್ಟು ನೀರು ಹೆಚ್ಚಾಗುತ್ತದೆ? ಬಕೆಟ್ಟಿನಲ್ಲಾದರೆ ಪ್ರತಿ ಸೆಂಟಿಮೀಟರಿಗೂ ಹೆಚ್ಚುಕಡಿಮೆ ಅಷ್ಟೇ. ಜಲಾಶಯ ಬಕೆಟ್ ಅಲ್ಲ, ಬೋಗುಣಿ. ಮೇಲೆ ಹೋದಷ್ಟೂ ಅಗಲ. ಆ ಒಂದು ಸೆಂಟಿಮೀಟರಿಗೆ ಹೆಚ್ಚಾಗೋ ನೀರು ಅಂದರೆ ಆ ಹೊತ್ತಿಗೆ ನೀರು ಹರಡಿಕೊಂಡಿರೋ ನೆಲದ ವಿಸ್ತೀರ್ಣ ಗುಣಿಸು ಒಂದು ಸೆಂಟಿಮೀಟರ್. ಅಂದರೆ ಮಟ್ಟದ ಜೊತೆ ಘನಫಲ ಬದಲಾಗೋ ದರವೇ ಮುಳುಗಿದ ನೆಲ. ಎಂಜಿನಿಯರಿಗೆ ಆ ದರ ಟಿಎಂಸಿ, ಹೊಲ ಕಳೆದುಕೊಂಡವರಿಗೆ ಎಕರೆ. ಹಿನ್ನೀರಿಗೆ ಸಿಕ್ಕ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಮನೆಯ ಹುಡುಗ ಒಬ್ಬ ಇದನ್ನು ನಾನು ಹೇಳೋ ಮೊದಲೇ ಹೇಳಿದ್ದ. ಮಾತು ಮುಗಿಸಿ ಸುಮ್ನೆ ಕೂತ. ನಾನೂ ಮುಂದಿನ ಲೆಕ್ಕಕ್ಕೆ ಹೋಗಲು ಸ್ವಲ್ಪ ಹೊತ್ತು ತಗೊಂಡೆ.

"ದರ" ಅನ್ನೋ ಪದದ ಬಗ್ಗೆ ಒಂದು ಮಾತು. ಬದಲಾವಣೆಯ ದರ ಅಂದಾಗ ನಮ್ಮ ಮಕ್ಕಳಿಗೆ ಕೇಳಿಸೋದು ಉಳ್ಳಾಗಡ್ಡಿ ದರ. ತಪ್ಪೇನಿಲ್ಲ, ಕಿಲೋಗೆ ಇಷ್ಟು ಅನ್ನೋದೂ ದರವೇ. ಆದರೆ ಮೊದಲು "ಜೋರು" ಅನ್ನಿ, "ಎಷ್ಟು ಬೇಗ" ಅನ್ನಿ. ಲಿಮಿಟ್ ಪದವಂತೂ ಇನ್ನೂ ಕಷ್ಟ. "ಲಿಮಿಟ್ ದಾಟಬೇಡ" ಅಂತ ಮನೆಯಲ್ಲಿ ಬೈಸಿಕೊಂಡು ಬಂದ ಹುಡುಗನಿಗೆ ಲಿಮಿಟ್ ಅಂದರೆ ಬೇಲಿ. ಗಣಿತದಲ್ಲಿ ಅದು ಬೇಲಿ ಅಲ್ಲ, ಹೋಗಿ ಸೇರೋ ಊರು. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯೋ ಮಕ್ಕಳಿಗೆ ಅರ್ಧ ತೊಂದರೆ ಇಲ್ಲೇ. ಗಣಿತ ಬರಲ್ಲ ಅಂತ ನಾವು ಷರಾ ಬರೆದುಬಿಡ್ತೀವಿ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೊದಲ ಕ್ಲಾಸಿನಲ್ಲೇ ನಾನು ಲಿಮಿಟ್ಟಿನ ಪಕ್ಕಾ ವ್ಯಾಖ್ಯೆಯ ಎಪ್ಸಿಲಾನ್, ಡೆಲ್ಟಾ ಬರೆದೆ. ಪೂರ್ತಿ ಬೋರ್ಡ್ ತುಂಬಿಸಿದೆ. ಬಹಳ ಖುಷಿಯಾಗಿತ್ತು ನನಗೆ. ಒಂದು ತಿಂಗಳ ನಂತರ ಟೆಸ್ಟ್ ಕೊಟ್ಟಾಗ ಒಬ್ಬ ಹುಡುಗ ಡಿವೈ ಬೈ ಡಿಎಕ್ಸ್‌ನಲ್ಲಿ ಮೇಲಿನ ಡಿ, ಕೆಳಗಿನ ಡಿ ಎರಡನ್ನೂ ಹೊಡೆದು ಹಾಕಿ ವೈ ಬೈ ಎಕ್ಸ್ ಅಂತ ಉತ್ತರ ಬರೆದಿದ್ದ. ಕೆಂಪು ಪೆನ್ನಿನಲ್ಲಿ ದೊಡ್ಡ ಸೊನ್ನೆ ಸುತ್ತಿದೆ. ಈಗ ನೆನೆದರೆ ಆ ಸೊನ್ನೆ ನನ್ನದು. ಆ ಡಿ ಅಕ್ಷರ ಅಂದರೆ "ಸಣ್ಣ ವ್ಯತ್ಯಾಸ" ಅಂತ ನಾನು ಅವನಿಗೆ ಒಂದು ಸಲವೂ ಹೇಳಿರಲಿಲ್ಲ. ನ್ಯೂಟನ್ ಜೊತೆಗೆ ಕಲನಶಾಸ್ತ್ರ ಕಟ್ಟಿದ ಇನ್ನೊಬ್ಬ, ಲೈಬ್ನಿಟ್ಸ್, ಅದನ್ನು ಇಟ್ಟಿದ್ದೇ ಆ ಅರ್ಥದಲ್ಲಿ. ಇಂಟಿಗ್ರೇಷನ್ನಿನ ಆ ಉದ್ದ ಕೊಕ್ಕೆಯೂ ಅವನದೇ, 1675ರ ಅಕ್ಟೋಬರಿನಲ್ಲಿ ತನ್ನ ಟಿಪ್ಪಣಿಯಲ್ಲಿ ಬರೆದಿದ್ದು. ಅದು ಎಸ್ ಅಕ್ಷರವನ್ನು ಎಳೆದು ಉದ್ದ ಮಾಡಿದ್ದು, ಎಸ್ ಅಂದರೆ ಮೊತ್ತ. ವ್ಯತ್ಯಾಸ, ಮೊತ್ತ. ಇಷ್ಟೇ. ಕಳೆಯೋದು, ಕೂಡೋದು. ಒಂದನೇ ಕ್ಲಾಸಿನ ಗಣಿತ.

ಈ ಕಳೆಯೋದು ಕೂಡೋದನ್ನು ನೀವು ಹತ್ತನೇ ತರಗತಿಯ ಸಮಾಂತರ ಶ್ರೇಢಿಯಲ್ಲೇ ಮಾಡಿಸಬಹುದು. 1, 4, 9, 16, 25 ಬರೆಯಿರಿ. ಅಕ್ಕಪಕ್ಕದವನ್ನು ಕಳೆಯಿರಿ ಅನ್ನಿ. 3, 5, 7, 9 ಬರುತ್ತದೆ. ಮತ್ತೆ ಕಳೆಯಿರಿ. 2, 2, 2. ಮಕ್ಕಳ ಮುಖ ನೋಡಿ ಆಗ. ಈಗ ಘನಗಳಿಗೆ ಮಾಡಿ ಅನ್ನಿ, ಮೂರನೇ ಸಾಲಿನಲ್ಲಿ 6, 6, 6 ಬರೋವರೆಗೆ ಅವರೇ ಬಿಡಲ್ಲ. ಆಮೇಲೆ ತಿರುಗಿಸಿ: 1, 3, 5, 7 ಅಂತ ಬೆಸ ಸಂಖ್ಯೆಗಳನ್ನು ಕೂಡುತ್ತಾ ಹೋದರೆ ವರ್ಗಗಳು ವಾಪಸ್ ಬರುತ್ತವೆ. ಕಳೆದದ್ದನ್ನು ಕೂಡಿದರೆ ಮೊದಲಿನದು ಸಿಗುತ್ತದೆ. ಕಲನಶಾಸ್ತ್ರದ ಮೂಲ ಪ್ರಮೇಯ ಅಂತ ದೊಡ್ಡ ಹೆಸರಿಟ್ಟಿರೋದು ಇದರ ಅಣ್ಣನಿಗೆ. ಅಂದಹಾಗೆ ಗೆಲಿಲಿಯೋ ಬೀಳೋ ವಸ್ತುವಿನಲ್ಲಿ ಕಂಡಿದ್ದೂ ಇದೇ ಸಾಲು. ಮೊದಲ ಸೆಕೆಂಡಿನಲ್ಲಿ ಒಂದು ಪಾಲು ದೂರ ಬಿದ್ದರೆ ಎರಡನೆಯದರಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು.

ಬೀಳೋ ವಸ್ತು ಬಂತಲ್ಲ, ಬಾವಿಗೆ ಕಲ್ಲು ಹಾಕೋಣ. ವಿಜಯಪುರದ ತಾಜ್ ಬಾವಡಿಗೆ ಬೇಡ, ಅದಕ್ಕೆ ಜನ ಈಗಾಗಲೇ ಸಾಕಷ್ಟು ಹಾಕಿದ್ದಾರೆ. ಯಾವುದೋ ಹೊಲದ ಬಾವಿ. ಗಾಳಿಯ ತಡೆ ಬಿಟ್ಟರೆ ಕಲ್ಲು ಬೀಳೋ ದೂರ 4.9 ಗುಣಿಸು ಕಾಲದ ವರ್ಗ, ಮೀಟರಿನಲ್ಲಿ. ಕಲ್ಲು ಬಿಟ್ಟು ಸರಿಯಾಗಿ ಒಂದು ಸೆಕೆಂಡ್ ಆದಾಗ ಅದರ ವೇಗ ಎಷ್ಟು? ಒಂದರಿಂದ ಎರಡನೇ ಸೆಕೆಂಡಿನವರೆಗೆ ಸರಾಸರಿ 14.7 ಬರುತ್ತದೆ. ಒಂದರಿಂದ 1.1ರವರೆಗೆ ತೆಗೆದರೆ 10.29. ಒಂದರಿಂದ 1.01ರವರೆಗೆ 9.849. ಇನ್ನೂ ಸಣ್ಣದು, 1.001ರವರೆಗೆ 9.8049. ಇಲ್ಲಿ ನಿಲ್ಲಿಸಿ, ಚಾಕ್ ಕೆಳಗಿಟ್ಟುಬಿಡಿ. "ಎಲ್ಲಿಗೆ ಹೊಂಟೈತಿ ಇದು?" ಅಂತ ಕೇಳಿ. ಎಲ್ಲರೂ 9.8 ಅಂತಾರೆ. ಯಾರೂ ಕಲಿಸಿಲ್ಲ, ಆದರೂ ಅಂತಾರೆ. ಆಗ ಒಬ್ಬ ಜಾಣ ಎದ್ದು, "ಸರ್, ಹಂಗಾದ್ರ ಸೀದಾ ಸೊನ್ನೆನ ಹಾಕಿಬಿಡೂಣು?" ಅಂದೇ ಅಂತಾನೆ. ಹಾಕಿಸಿ. ಸೊನ್ನೆ ಸೆಕೆಂಡಿನಲ್ಲಿ ಸೊನ್ನೆ ಮೀಟರ್. ಸೊನ್ನೆ ಬೈ ಸೊನ್ನೆ. ಸಿಕ್ಕಿಹಾಕಿಕೊಂಡ.

ಈ ಹುಡುಗನನ್ನು ಕೂರು ಅನ್ನಬೇಡಿ ದಯವಿಟ್ಟು. ಅವನು ಕೇಳಿದ್ದನ್ನೇ 1734ರಲ್ಲಿ ಬರ್ಕ್ಲಿ ಎಂಬ ಪಾದ್ರಿ ನ್ಯೂಟನ್ ಕಡೆಯವರಿಗೆ ಕೇಳಿದ್ದ. ಈ ನಿಮ್ಮ ಸಣ್ಣ ಪ್ರಮಾಣ ಸೊನ್ನೆಯೂ ಅಲ್ಲ, ಸೊನ್ನೆ ಅಲ್ಲದ್ದೂ ಅಲ್ಲ, ಇದೇನು ಸತ್ತುಹೋದ ಪ್ರಮಾಣಗಳ ದೆವ್ವವೇ ಅಂತ ಗೇಲಿ ಮಾಡಿದ್ದ. ಅದಕ್ಕೆ ಕೂಡಲೇ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಲಿಮಿಟ್ ಮೇಲೆ ಇಡೀ ಕಟ್ಟಡ ಕಟ್ಟಲು ನೋಡಿದ, ನಾವು ಬರೆಯೋ ಎಪ್ಸಿಲಾನ್–ಡೆಲ್ಟಾ ರೂಪ ಪೂರ್ತಿ ಪಕ್ಕಾ ಆಗಿದ್ದು ಅವನ ನಂತರ ಜರ್ಮನಿಯ ವೈಯರ್‌ಸ್ಟ್ರಾಸ್ ಕಾಲಕ್ಕೆ. ಲೈಬ್ನಿಟ್ಸ್ ತನ್ನ ಲೇಖನ ಅಚ್ಚು ಹಾಕಿಸಿದ್ದು 1684ರಲ್ಲಿ. ಅಂದರೆ ಜಗತ್ತಿನ ಘಟಾನುಘಟಿಗಳು ಒಂದೂವರೆ ಶತಮಾನಕ್ಕಿಂತ ಜಾಸ್ತಿ ಕಾಲ ಲಿಮಿಟ್ಟಿನ ಪಕ್ಕಾ ವ್ಯಾಖ್ಯೆ ಇಲ್ಲದೇ ಕಲನಶಾಸ್ತ್ರ ಮಾಡಿದರು, ಗ್ರಹಗಳ ದಾರಿ ಲೆಕ್ಕ ಹಾಕಿದರು. ಅವರಿಗೆ ಕಟ್ಟಕಡೆಗೆ ಸಿಕ್ಕಿದ್ದನ್ನು ನಾವು ಹದಿನಾರು ವರ್ಷದ ಮಕ್ಕಳಿಗೆ ಮೊದಲ ದಿನವೇ ಬಡಿಸ್ತೀವಿ. ಪುಸ್ತಕದ ಕ್ರಮ ತರ್ಕಕ್ಕೆ ಸರಿ ಇರಬಹುದು, ಕಲಿಯೋದಕ್ಕೆ ಸರಿ ಇಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ, ಇವತ್ತು ಮುಂದಿನ ಸಾಲಿನಲ್ಲೇ ಇಬ್ಬರು ತಲೆ ಅಲ್ಲಾಡಿಸ್ತಿದ್ದಾರೆ.

ರೊಟ್ಟಿಗೆ ಬರ್ತೀನಿ. ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯೋದನ್ನು ನೋಡದ ಮಗು ನಮ್ಮಲ್ಲಿ ಇಲ್ಲ. ಹಿಟ್ಟಿನ ಉಂಡೆ ತಿರುಗುತ್ತಾ ತಿರುಗುತ್ತಾ ಅಗಲ ಆಗುತ್ತದೆ. ಒಂದು ಕ್ಷಣ ಹಿಡಿದು ನಿಲ್ಲಿಸಿ. ತ್ರಿಜ್ಯ 10 ಸೆಂಟಿಮೀಟರ್. ಇನ್ನೊಂದು ಪೆಟ್ಟು ಬಿತ್ತು, 10.1 ಆಯಿತು. ವಿಸ್ತೀರ್ಣ ಎಷ್ಟು ಹೆಚ್ಚಿತು? ವೃತ್ತದ ಸೂತ್ರ ಎರಡು ಸಲ ಹಾಕಿ ಕಳೆದರೆ ಸುಮಾರು 6.31 ಚದರ ಸೆಂಟಿಮೀಟರ್. ಈಗ ಬೇರೆ ದಾರಿ. ಹೊಸದಾಗಿ ಸೇರಿದ್ದು ಅಂಚಿನ ಸುತ್ತ ಒಂದು ತೆಳು ಬಳೆ ಮಾತ್ರ. ಆ ಬಳೆಯನ್ನು ಒಂದು ಕಡೆ ಕತ್ತರಿಸಿ ನೇರ ಮಾಡಿ ಇಡಿ. ಉದ್ದನೆಯ ಪಟ್ಟಿ. ಉದ್ದ ಅಂದರೆ ಪರಿಧಿ, ಅಗಲ 0.1. ಗುಣಿಸಿದರೆ 6.28. ಮೊದಲು ಬಂದದ್ದು 6.31! ಆ 0.03 ಎಲ್ಲಿಂದ ಬಂತು? ಬಳೆಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ಉದ್ದ, ಅದಕ್ಕೆ. ಬಳೆ ತೆಳುವಾದಷ್ಟೂ ಆ ಜಗಳ ಕರಗುತ್ತದೆ. ವೃತ್ತದ ವಿಸ್ತೀರ್ಣದ ಅವಕಲನ ಪರಿಧಿ ಯಾಕೆ ಅಂತ ಇನ್ನು ಆ ಮಗುವಿಗೆ ಯಾರೂ ಹೇಳಬೇಕಿಲ್ಲ. ಮುಳುಗಡೆ ನೆಲದ ಲೆಕ್ಕವೂ ಇದೇ ತಾನೇ, ಅಂಚಿನಲ್ಲಿ ಸೇರೋ ತೆಳು ಪದರ. ಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಿ ನೋಡು ಅನ್ನಿ, ಗೋಳದ್ದೂ ಸಿಗುತ್ತದೆ. ಒಂದೊಂದು ಸಿಪ್ಪೆಯೂ ಮೇಲ್ಮೈ ವಿಸ್ತೀರ್ಣ ಗುಣಿಸು ದಪ್ಪ, ಎಲ್ಲ ಸಿಪ್ಪೆ ಕೂಡಿದರೆ ಇಡೀ ಗಡ್ಡೆ.

ಗೋಳ ಅಂದಾಗ ನಮ್ಮ ಕಡೆ ಭಾಸ್ಕರಾಚಾರ್ಯರ ಹೆಸರು ತೆಗೆಯದೆ ಇರೋಕಾಗಲ್ಲ. ಹುಟ್ಟಿದ್ದು 1114ರಲ್ಲಿ, ಸಿದ್ಧಾಂತ ಶಿರೋಮಣಿ ಬರೆದಿದ್ದು 36ನೇ ವಯಸ್ಸಿನಲ್ಲಿ, 1150ಕ್ಕೆ. ತಮ್ಮ ಊರು ಸಹ್ಯಾದ್ರಿ ಕಡೆಯ ವಿಜ್ಜಡವಿಡ ಅಂತ ಬರೆದಿದ್ದಾರೆ. ಅದು ನಮ್ಮ ವಿಜಯಪುರ ಅಂತ ನಾವು, ಅಲ್ಲ, ಚಾಳೀಸಗಾಂವ ಹತ್ತಿರದ್ದು ಅಂತ ಮಹಾರಾಷ್ಟ್ರದವರು. ಬೆಳಗಾವಿ ಗಡಿಯ ಜಗಳ ಸಾಲದು ಅಂತ ಇದೂ ಒಂದು. ಊರು ಯಾವುದಾದರೂ ಇರಲಿ, ಕೆಲಸ ನೋಡಿ. ಗ್ರಹದ ಒಂದು ದಿನದ ಸರಾಸರಿ ಚಲನೆ ಸಾಲದು, ಆ ಹೊತ್ತಿನ ಚಲನೆ ಬೇಕು ಅಂತ "ತಾತ್ಕಾಲಿಕ ಗತಿ" ಎಂಬ ಮಾತು ತಂದರು. ಸೈನ್ ಬೆಲೆಯ ಸಣ್ಣ ಬದಲಾವಣೆ ಕೊಸೈನಿಗೆ ತಕ್ಕಂತೆ ಇರುತ್ತದೆ ಅಂತ ಬಳಸಿದರು. ಗೋಳವನ್ನು ಕೇಂದ್ರಕ್ಕೆ ಚೂಪಾಗೋ ಸಣ್ಣ ಸಣ್ಣ ಸೂಜಿಯಂಥ ತುಂಡುಗಳಾಗಿ ಕತ್ತರಿಸಿ, ಘನಫಲ ಅಂದರೆ ಮೇಲ್ಮೈ ಗುಣಿಸು ತ್ರಿಜ್ಯದ ಮೂರನೇ ಒಂದು ಭಾಗ ಅಂತ ತೋರಿಸಿದರು. ಅದಕ್ಕಾಗಿ "ನ್ಯೂಟನ್‌ಗಿಂತ ಮೊದಲೇ ನಮ್ಮಲ್ಲಿ ಎಲ್ಲಾ ಇತ್ತು" ಅಂತ ಭಾಷಣ ಬೇಡ. ಎಲ್ಲಾ ಇರಲಿಲ್ಲ. ಬೀಜ ಇತ್ತು, ಆಮೇಲೆ ಕೇರಳದಲ್ಲಿ ಗಣಿತಜ್ಞ ಮಾಧವನ ಕಾಲಕ್ಕೆ ಅದು ಇನ್ನೂ ಬಹಳ ಬೆಳೆಯಿತು. ಮಕ್ಕಳಿಗೆ ಆ ಸೂಜಿ ತೋರಿಸಿ ಸಾಕು, ಕಲ್ಲಂಗಡಿ ಕತ್ತರಿಸಿದರೆ ಇನ್ನೂ ಒಳ್ಳೇದು, ತಿನ್ನಬಹುದು.

ಗರಿಷ್ಠದ ಬಗ್ಗೆ ನಾನು ತರಗತಿಯಲ್ಲಿ ಮಾಡೋ ಒಂದು ಪ್ರಯೋಗ. ಹಳೇ ಲಗ್ನಪತ್ರಿಕೆ ಇಲ್ಲವೇ ರಟ್ಟು ತಂದು 18 ಸೆಂಟಿಮೀಟರಿನ ಚೌಕ ಕತ್ತರಿಸಿಸಿ. ನಾಲ್ಕೂ ಮೂಲೆಯಲ್ಲಿ ಸಣ್ಣ ಚೌಕ ತೆಗೆದು ಮಡಚಿದರೆ ಮುಚ್ಚಳ ಇಲ್ಲದ ಡಬ್ಬಿ. ಒಬ್ಬ 1 ಸೆಂಟಿಮೀಟರ್ ಕತ್ತರಿಸಲಿ, ಇನ್ನೊಬ್ಬಳು 2, ಹಾಗೇ 8ರವರೆಗೆ. ಎಲ್ಲಕ್ಕೂ ಜೋಳ ತುಂಬಿ. ಯಾರ ಡಬ್ಬಿಯಲ್ಲಿ ಜಾಸ್ತಿ ಹಿಡಿಯುತ್ತದೆ? ಜೋಳ ನೆಲಕ್ಕೆ ಚೆಲ್ಲುತ್ತದೆ, ಜವಾನ ಬೈಯುತ್ತಾನೆ, ಇರಲಿ. 1ಕ್ಕೆ 256 ಘನ ಸೆಂಟಿಮೀಟರ್, 2ಕ್ಕೆ 392, 3ಕ್ಕೆ 432, 4ಕ್ಕೆ 400. ಗೆದ್ದದ್ದು ಮೂರು. ಆದರೆ ನಿಜವಾದ ಪಾಠ ಇನ್ನೂ ಆಗಿಲ್ಲ. ಈಗ ಕೇಳಿ, ಕತ್ತರಿಸುವಾಗ ಒಂದು ಮಿಲಿಮೀಟರ್ ಹೆಚ್ಚು ಕತ್ತರಿಸಿಬಿಟ್ಟರೆ ಎಷ್ಟು ಫರಕ್? 1ರ ಬದಲು 1.1 ಆದರೆ 256 ಇದ್ದದ್ದು 274 ದಾಟುತ್ತದೆ, ಸುಮಾರು 18 ಹೆಚ್ಚು. 3ರ ಬದಲು 3.1 ಆದರೆ? 432 ಇದ್ದದ್ದು 431.6. ಅರ್ಧವೂ ಕಡಿಮೆ ಆಗಲಿಲ್ಲ. 2.9 ಮಾಡಿದರೂ 431.6. ತುದಿಯಲ್ಲಿ ನೆಲ ಸಪಾಟು. ಗುಡ್ಡ ಹತ್ತಿ ಮೇಲೆ ನಿಂತವನಿಗೆ ಒಂದು ಹೆಜ್ಜೆ ಆಚೀಚೆ ಇಟ್ಟರೂ ಎತ್ತರ ಬದಲಾಗದ ಹಾಗೆ. ಅವಕಲನ ಸೊನ್ನೆ ಅಂದರೆ ಇದು. ಗ್ರಹದ ಸರಾಸರಿ ಸ್ಥಾನಕ್ಕೆ ಮಾಡೋ ತಿದ್ದುಪಡಿ ಅತಿ ಹೆಚ್ಚಿರೋ ಜಾಗದಲ್ಲಿ ಅದರ ಬದಲಾವಣೆ ಇಲ್ಲವಾಗುತ್ತದೆ ಅನ್ನೋದನ್ನು ಭಾಸ್ಕರಾಚಾರ್ಯರೂ ಗ್ರಹಗಳ ಲೆಕ್ಕದಲ್ಲಿ ಗಮನಿಸಿದ್ದರು.

ಹೈಸ್ಕೂಲಿನಲ್ಲಿ ನಾವು ಕಲಿಸಿದ್ದೇ ಪಿಯುಸಿಯಲ್ಲಿ ಕಾಲಿಗೆ ತೊಡರೋದೂ ಉಂಟು. ಸ್ಪರ್ಶಕ. ಹತ್ತನೇ ತರಗತಿಯಲ್ಲಿ ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟೋ ರೇಖೆ ಅಂತ ಹೇಳಿಕೊಡ್ತೀವಿ. ವೃತ್ತಕ್ಕೆ ಸರಿ. ಎಕ್ಸ್ ಘನದ ವಕ್ರರೇಖೆಗೆ ಒಂದು ಎಂಬ ಜಾಗದಲ್ಲಿ ಸ್ಪರ್ಶಕ ಎಳೆಯಿರಿ, ಅದು ಮುಂದೆ ಹೋಗಿ ಮೈನಸ್ ಎರಡರಲ್ಲಿ ಅದೇ ವಕ್ರರೇಖೆಯನ್ನು ಮತ್ತೆ ಕತ್ತರಿಸುತ್ತದೆ. ಮಕ್ಕಳು ಗಾಬರಿಯಾಗ್ತಾರೆ. ಹಾಗಾಗಿ ಹತ್ತನೇ ತರಗತಿಯಲ್ಲೇ ಎರಡು ಬಿಂದುವಿನಲ್ಲಿ ಕತ್ತರಿಸೋ ರೇಖೆ, ಅಂದರೆ ಛೇದಕ, ಎಳೆದು, ಆ ಎರಡು ಬಿಂದುಗಳನ್ನು ಹತ್ತಿರ ಹತ್ತಿರ ತರುತ್ತಾ, ಎರಡೂ ಒಂದಾದಾಗ ಸ್ಪರ್ಶಕ ಅಂತ ಒಮ್ಮೆ ತೋರಿಸಿ. ಐದು ನಿಮಿಷದ ಕೆಲಸ.

ಸೂತ್ರ ಯಾವಾಗ ಕಲಿಸಬೇಕು ಅಂತ ಯಾರೋ ಚೀಟಿ ಕಳಿಸಿದ್ದಾರೆ. ಹೈಸ್ಕೂಲಿನಲ್ಲಿ ಬೇಡ. ಈಗ ಫೌಂಡೇಶನ್ ಕೋರ್ಸ್ ಅಂತ ಒಂಬತ್ತನೇ ತರಗತಿಗೇ "ಪವರ್ ಕೆಳಗಿಳಿಸಿ, ಒಂದು ಕಳೀರಿ" ಅಂತ ಮಂತ್ರ ಹೇಳಿಕೊಡೋದು ಶುರುವಾಗಿದೆ. ಅಪ್ಪ ಅಮ್ಮನಿಗೆ ಖುಷಿ, ಮಗ ಆಗಲೇ ಪಿಯುಸಿ ಲೆಕ್ಕ ಮಾಡ್ತಾನೆ ಅಂತ. ಆ ಮಂತ್ರ ಕಲಿತ ಹುಡುಗನಿಗೆ ಆಲಮಟ್ಟಿ ಪ್ರಶ್ನೆ ಕೇಳಿ ನೋಡಿ. ಇಳೀತೈತ್ರಿ ಅಂತಾನೆ.

ಪರೀಕ್ಷೆಗೆ ಬರುತ್ತಾ ಅಂತ ಇನ್ನೊಂದು ಚೀಟಿ. ಬರಲ್ಲ. ವಾರಕ್ಕೆ ಹತ್ತು ನಿಮಿಷ ಕೇಳ್ತಿದ್ದೀನಿ, ಅಷ್ಟೇ.

ಆ ಹತ್ತು ನಿಮಿಷದಲ್ಲಿ ಏನಾಗಬಹುದು ಅನ್ನೋದಕ್ಕೆ ಒಂದು ಮಳೆಗಾಲದ ಕಥೆ ಹೇಳಿ ನಿಲ್ಲಿಸ್ತೀನಿ. ಪರಿಚಯದ ಶಿಕ್ಷಕರೊಬ್ಬರ ಒಂಬತ್ತನೇ ತರಗತಿಗೆ ಹೋಗಿ ನಾನು ಈ 11,574ರ ಲೆಕ್ಕ ಹೇಳಿಕೊಟ್ಟಿದ್ದೆ. ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಕಾಕಾ ಆಲಮಟ್ಟಿ ಕಡೆ ಇದ್ದಾರಂತೆ. ದಿನಾ ಪತ್ರಿಕೆಯ ಒಳಹರಿವು, ಹೊರಹರಿವು ಬರೆದುಕೊಂಡು, ಕಳೆದು, ಭಾಗಿಸಿ, ನಾಳೆ ಎಷ್ಟು ಟಿಎಂಸಿ ಇರುತ್ತದೆ ಅಂತ ಮೊದಲೇ ಬರೆದಿಡುತ್ತಿದ್ದ. ಮರುದಿನ ಹೋಲಿಸುತ್ತಿದ್ದ. ನೀರು ನಿಧಾನಕ್ಕೆ ಬರ್ತಿದ್ದ ದಿನಗಳಲ್ಲಿ ಸರಿ ಬರುತ್ತಿತ್ತು. ಮಹಾರಾಷ್ಟ್ರದ ಕಡೆ ಜೋರು ಮಳೆಯಾಗಿ ಒಮ್ಮೆಲೇ ನೀರು ಬಂದ ದಿನ ಲೆಕ್ಕ ಪೂರ್ತಿ ತಪ್ಪಿತು. ಮುಂದಿನ ವಾರ ನಾನು ಹೋದಾಗ ಪಟ್ಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. "ಸರ್, ಪೇಪರ್‌ನ್ಯಾಗ ತಪ್ಪು ಹಾಕ್ಯಾರ್ರಿ."

"ಪೇಪರಿನ ತಪ್ಪೋ, ನಿನ್ನ ತಪ್ಪೋ?" ಅಂದೆ.

ಅವನು ಪಟ್ಟಿ ತಿರುಗಿಸಿ ಮುರುಗಿಸಿ ನೋಡಿದ. "ನಾ ಮುಂಜಾನಿ ಅಂಕಿ ಹಿಡಕೊಂಡು ಇಡೀ ದಿನಕ್ಕ ಗುಣಿಸೀನ್ರಿ" ಅಂದ. "ಸಂಜೀಕ ಜಾಸ್ತಿ ಬಂದಿರಬೇಕು."

ಸರಿ, ಏನು ಮಾಡ್ತೀ ಅಂದೆ. ಏನೂ ಹೇಳಲಿಲ್ಲ. ಮುಂದಿನ ವಾರ ಬಂದಾಗ ಪಟ್ಟಿಯಲ್ಲಿ ಒಂದು ದಿನಕ್ಕೆ ಒಂದು ಸಾಲಿನ ಬದಲು ಮೂರು ಸಾಲು ಇದ್ದವು. ಮುಂಜಾನೆ, ಮಧ್ಯಾಹ್ನ, ಸಂಜೆ. ಕಾಕಾಗೆ ಫೋನ್ ಮಾಡಿ ಅಂಕಿ ಕೇಳುತ್ತಿದ್ದನಂತೆ, ಅವರಿಗೆ ಸಾಕಾಗಿ ಹೋಗಿರಬೇಕು. ಒಂದೊಂದು ಅಂಕಿಯನ್ನೂ ಎಂಟೆಂಟು ತಾಸಿಗೆ ಗುಣಿಸಿ ಕೂಡಿದ್ದ. ತಪ್ಪು ಪೂರ್ತಿ ಹೋಗಿರಲಿಲ್ಲ, ಆದರೆ ಮೊದಲಿನ ಅರ್ಧವೂ ಇರಲಿಲ್ಲ. ನಾನು ಶಬ್ಬಾಶ್ ಅನ್ನೋದರೊಳಗೆ ಅವನೇ ಕೇಳಿದ:

"ಸರ್, ತಾಸಿಗೊಮ್ಮೆ ಅಂಕಿ ಸಿಕ್ರ? ನಿಮಿಷಕ್ಕೊಮ್ಮೆ ಸಿಕ್ರ?"